ನಲವತ್ತಮೂರರಲ್ಲಿ ಒಂದು ಪೆಟ್ಟಿಗೆ

ಕಾಶವ್ವನ ಬಳೆ ಪೆಟ್ಟಿಗೆ ಒಂದು ಸೋಮವಾರ ಬೆಳಿಗ್ಗೆ ಕಾಶವ್ವನ ಸಮೇತ ಹನ್ನೊಂದು ಅಡಿ ಎಡಕ್ಕೆ ಸರಿಯಿತು. ಸರಿಸಿದವಳು ಬೇರೆ ಯಾರೂ ಅಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮಹಾನಂದಾ. ಪೇಟೆಯ ಮಾಳಿಗೆಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಒಂದು ಅಂಕಿ ಅಳಿಸಿ ಇನ್ನೊಂದು ಬರೆದಿದ್ದಳು, ಅಷ್ಟೆ. ಕೆಳಗೆ ಬಳೆಗಳೆಲ್ಲ ಗಲ್ಲೆಂದವು. ಕಾಶವ್ವ ತಲೆ ಎತ್ತಿ, "ಹಡದವ್ವನ್ನ ಎತ್ತೊಯ್ಯೂ ಮುಂದ ಒಂದ ಮಾತು ಹೇಳಬಾರದೇನ?" ಎಂದು ಗಾಜಿನ ಕಡೆ ಕೈ ಬೀಸಿದಳು. ಆಗಿನ್ನೂ ತಾಯಿ ಮಗಳು ಇಬ್ಬರೂ ನಗುತ್ತಿದ್ದ ಕಾಲ.

ವೆಬ್ ಪುಟ ನೋಡದವರು ಈಗ ಯಾರಿದ್ದಾರೆ? ಆದರೆ ಪುಟದ ಬೆನ್ನಿಗೆ ಎರಡು ಬರಹಗಳಿರುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. ಒಂದು, ಪುಟದಲ್ಲಿ ಏನೇನಿದೆ ಎಂದು ಹೇಳುತ್ತದೆ. ಇದು ಶೀರ್ಷಿಕೆ, ಇದು ಚಿತ್ರ, ಇದು ಗುಂಡಿ. ಇನ್ನೊಂದಕ್ಕೆ ಸ್ಟೈಲ್‌ಶೀಟ್, ಅಂದರೆ ಅಲಂಕಾರದ ಹಾಳೆ, ಎನ್ನುತ್ತಾರೆ. ಯಾವುದು ಎಲ್ಲಿ ನಿಲ್ಲಬೇಕು, ಎಷ್ಟು ಅಗಲ ಇರಬೇಕು, ಯಾರ ಪಕ್ಕ ಯಾರು, ನಡುವೆ ಎಷ್ಟು ಸಂದು, ಎಲ್ಲ ಅದರ ಅಪ್ಪಣೆ. ಮೊದಲನೆಯ ಬರಹದ ಒಂದಕ್ಷರ ಮುಟ್ಟದೆ ಎರಡನೆಯದನ್ನು ತಿದ್ದಿದರೆ ಸಾಕು, ಪುಟ ತಲೆಕೆಳಗಾಗಿ ನಿಲ್ಲುತ್ತದೆ. ‘ಸುರೇಖ’ ಎಂಬ ಸಂಸ್ಥೆಯ ಎಂಜಿನಿಯರುಗಳು ಒಂದು ದಿನ ಚಹಾ ಕುಡಿಯುತ್ತಾ, ಪರದೆಯ ಮೇಲೆ ನಡೆಯುವುದು ನೆಲದ ಮೇಲೆ ಯಾಕೆ ನಡೆಯಬಾರದು ಎಂದುಕೊಂಡರು. ಹುಬ್ಬಳ್ಳಿ-ಗದಗ ರಸ್ತೆಯ ಹತ್ತಿಕೊಪ್ಪ ಎಂಬ ಊರಿನ ಹಳೆಯ ಪೇಟೆ ಅವರ ಕಣ್ಣಿಗೆ ಬಿತ್ತು.

ಪೇಟೆಯ ನೆಲ ಅಗೆದು ತಂತಿಯ ಸುರುಳಿಗಳನ್ನು ಹೂಳಿದರು. ಸೀರೆ ಅಂಗಡಿಯಿಂದ ಹಿಡಿದು ಲಿಂಬೆಹಣ್ಣಿನವಳ ಬುಟ್ಟಿಯವರೆಗೆ ಎಲ್ಲವನ್ನೂ ಕಬ್ಬಿಣದ ತಳದ ಪೆಟ್ಟಿಗೆಗಳಲ್ಲಿ ಕೂರಿಸಿದರು. ವಿದ್ಯುತ್ ಹರಿದರೆ ಪೆಟ್ಟಿಗೆ ನೆಲದಿಂದ ಒಂದು ಬೆರಳು ಮೇಲೆ ತೇಲುತ್ತದೆ. ಆಮೇಲೆ ಹಾಳೆ ಹೇಳಿದ್ದೇ ಮಾತು. ಹಾಳೆ ಬರೆಯುವವರು ಒಂದು ವರ್ಗಕ್ಕೇ ಅಪ್ಪಣೆ ಕೊಡಬಹುದು, "ಬಟ್ಟೆ ಅಂಗಡಿಗಳೆಲ್ಲ ಪೂರ್ವಕ್ಕೆ" ಎಂದು. ಅಥವಾ ಒಂದೇ ಪೆಟ್ಟಿಗೆಯನ್ನು ಅದರ ನಂಬರಿನಿಂದ ಕರೆದು ಹೇಳಬಹುದು. ಎರಡಕ್ಕೂ ಜಗಳ ಬಿದ್ದರೆ ನಂಬರಿನಿಂದ ಕರೆದದ್ದೇ ಗೆಲ್ಲುತ್ತದೆ. ವೆಬ್ ಪುಟದಲ್ಲೂ ಅದೇ ಕಾನೂನು.

ಪೆಟ್ಟಿಗೆಯನ್ನು ಕಾಣದಂತೆ ಮಾಡಲು ಎರಡು ದಾರಿಗಳಿದ್ದವು. ‘ಮರೆ’ ಎಂದು ಬರೆದರೆ ಪೆಟ್ಟಿಗೆ ನೆಲದೊಳಗೆ ಇಳಿದು ಮೇಲೆ ಮುಚ್ಚಳ ಬೀಳುತ್ತದೆ. ಅದರ ಜಾಗ ಮಾತ್ರ ಹಾಗೆಯೇ ಇರುತ್ತದೆ, ಯಾರೂ ಬಂದು ಕೂರುವಂತಿಲ್ಲ. ‘ಇಲ್ಲ’ ಎಂದು ಬರೆದರೆ ಪೆಟ್ಟಿಗೆ ನೆಲಮಾಳಿಗೆಯ ಗೋದಾಮಿಗೆ ಹೋಗುತ್ತದೆ, ಅಕ್ಕಪಕ್ಕದವು ಸರಿದು ಆ ಜಾಗ ತುಂಬುತ್ತವೆ. ಮಹಾನಂದಾ ಇದನ್ನು ವಿವರಿಸಿದಾಗ ಕಾಶವ್ವ, "ಒಂದು ಊರಿಗೆ ಹೋದಂಗ, ಇನ್ನೊಂದು ಸತ್ತಂಗ. ಇಷ್ಟಕ್ಕ ನಾಕು ವರ್ಷ ಕಲಿಬೇಕಾತೇನ?" ಎಂದಿದ್ದಳು.

ಮೊದಲ ವರ್ಷ ಹತ್ತಿಕೊಪ್ಪದ ಜನ ಬೈದರು, ಎರಡನೆಯ ವರ್ಷ ಒಗ್ಗಿಕೊಂಡರು, ಮೂರನೆಯ ವರ್ಷ ಹಳೆಯ ಪೇಟೆ ಹೇಗಿತ್ತೆಂದು ಕೇಳಿದರೆ ತಲೆ ಕೆರೆದುಕೊಂಡರು. ಸುಳ್ಳು ಯಾಕೆ ಹೇಳಬೇಕು, ಅನುಕೂಲವೂ ಇತ್ತು. ಮಧ್ಯಾಹ್ನದ ಬಿಸಿಲು ತಿರುಗಿದಂತೆ ಸೊಪ್ಪಿನ ಪೆಟ್ಟಿಗೆಗಳು ತಾವಾಗಿಯೇ ನೆರಳಿಗೆ ಸರಿಯುತ್ತಿದ್ದವು. ಮೀನಿನ ವಾಸನೆ ಹೂವಿನವರನ್ನು ಮುಟ್ಟುತ್ತಿರಲಿಲ್ಲ. ಗೇಣು ಜಾಗಕ್ಕಾಗಿ ತಲೆ ಒಡೆದುಕೊಳ್ಳುವುದು ನಿಂತಿತ್ತು.

ಸಣ್ಣ ಪೆಟ್ಟಿಗೆಗಳು ನಲವತ್ತಮೂರು. ಬಳೆ, ರಿಬ್ಬನ್ನು, ಊದಿನಕಡ್ಡಿ, ಕರಿಬೇವು, ಸೂಜಿ-ದಾರ. ಎಲ್ಲ ಹೆಂಗಸರದೇ ವ್ಯಾಪಾರ. ಆ ಸಾಲಿಗೆ ಒಂದು ರೂಢಿಯಿತ್ತು. ಒಬ್ಬಳು ಎದ್ದುಹೋದರೆ ಬಾಜೂದವಳು ಅವಳ ಅಂಗಡಿಯನ್ನೂ ನೋಡಬೇಕು. ಬಳೆ ತೊಡಿಸುವಾಕೆಗಂತೂ ಇದಿಲ್ಲದೆ ನಡೆಯುವುದೇ ಇಲ್ಲ. ಗಿರಾಕಿಯ ಕೈ ಹಿಡಿದು, ಗೆಣ್ಣು ಅಮುಕಿ, ಗಾಜು ಚುಚ್ಚದಂತೆ ಒಂದೊಂದೇ ಏರಿಸುವಾಗ ನಡುವೆ ಏಳುವಂತಿಲ್ಲ. ಆಗ ಕಾಯುತ್ತಿರುವವರನ್ನು ಮಾತಾಡಿಸಿ ಕೂರಿಸಿಕೊಳ್ಳುತ್ತಿದ್ದವಳು ಪಕ್ಕದ ರಿಬ್ಬನ್ನಿನ ಬೀಬಿಜಾನ್. ಇಪ್ಪತ್ತಾರು ವರ್ಷದಿಂದ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತವರು.

ಹಾಳೆ ಬರೆಯುವ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮಹಾನಂದಾ ಈ ರೂಢಿ ಮರೆತು, ಪುಸ್ತಕದಲ್ಲಿ ಕಲಿತಂತೆ ಬಳೆಯವರನ್ನೆಲ್ಲ ಒಂದು ಕಡೆ, ರಿಬ್ಬನ್ನಿನವರನ್ನೆಲ್ಲ ಇನ್ನೊಂದು ಕಡೆ ಜೋಡಿಸಿದ್ದಳು. ನೋಡಲು ಚೆಂದವಿತ್ತು. ಎರಡನೆಯ ಸಂಜೆ ಕಾಶವ್ವ ಮನೆಗೆ ಬಂದವಳೇ ಚಪ್ಪಲಿ ಬಿಡದೆ ಪಾಯಿಖಾನೆಗೆ ಓಡಿದಳು.

"ಎರಡ ದಿನ ಆತು, ಏಳಾಕ ಆಗಿಲ್ಲ ನನಗ. ಬಾಜೂಕ ಇದ್ದಾಕಿ ಬಳಿ ಮಾರಾಕಿನ. ಆಕಿ ತನ್ನ ಗಿರಾಕಿ ಬಿಟ್ಟು ನನ್ನವ್ರನ್ನ ನೋಡ್ತಾಳೇನ? ನಿನ್ನ ಕಂಪ್ಯೂಟರಕ್ಕ ಉಚ್ಚಿ ಬರೂದಿಲ್ಲ, ಅದಕ್ಕ ಗೊತ್ತಿಲ್ಲ. ನಿನಗೂ ಗೊತ್ತಿಲ್ಲೇನ?"

ಮಹಾನಂದಾ ಕಿವಿ ಕೆಂಪಾಗಿ, ಮರುದಿನವೇ ‘ಸಣ್ಣ’ ವರ್ಗದ ನಲವತ್ತಮೂರೂ ಹಳೆಯ ನೆರೆಯಲ್ಲೇ ಇರಬೇಕೆಂದು ಹೊಸ ಅಪ್ಪಣೆ ಬರೆದಳು. ಜೊತೆಗೆ, ಸಾಲಿನಲ್ಲಿ ಎಷ್ಟೇ ಪೆಟ್ಟಿಗೆಗಳಿರಲಿ, ಅವು ಅಂಗಳದ ನಡುಮಧ್ಯಕ್ಕೆ ಬಂದು ನಿಲ್ಲಬೇಕೆಂದೂ ಸೇರಿಸಿದಳು. ಬೀಬಿಜಾನ್ ಆ ದಿನ ಮೇಲಿನ ಗಾಜಿನ ಕೋಣೆಗೆ ಒಂದು ಡಬ್ಬಿ ಶೀರಾ ಕಳಿಸಿದ್ದಳು.

ಇಟಗಿ ಸಾಹೇಬ ಪೇಟೆಯ ವ್ಯವಸ್ಥಾಪಕ. ಖಾಲಿ ಜಾಗ ಕಂಡರೆ ಅವನಿಗೆ ದೇವರು ಕಂಡಷ್ಟು ಸಂತೋಷ. ಒಂದು ಶನಿವಾರ ಅವನು ಗಾಜಿನ ಕೋಣೆಗೆ ಬಂದು ಮಹಾನಂದಾಳ ಕುರ್ಚಿಯ ಹಿಂದೆ ನಿಂತ.

"ಬುಧವಾರ ಪರೀಕ್ಷಕರು ಬರ್ತಾರ. ದೇಶದಾಗ ಅತಿ ಚೆಂದದ ಪ್ಯಾಟಿ ಯಾವುದು ಅಂತ ಆರಸವ್ರು. ಮೂರು ದಿನ ಇರ್ತಾರ. ಆ ಸಣ್ಣವು ಕಾಣಬಾರದು."

"ಮರೆ ಮಾಡ್ಲೇನ್ರಿ ಸರ್?"

"ಮರೆ ಮಾಡಿದ್ರ ಜಾಗಾ ಹಂಗ ಉಳೀತದ. ನಲವತ್ಮೂರು ಮುಚ್ಚಳ ಸಾಲಾಗಿ ಕಾಣ್ತಾವ. ‘ಇಲ್ಲ’ ಅಂತ ಬರೀರಿ. ನಡುವಿನ ಅಂಗಳ ಪೂರಾ ಖಾಲಿ ಬೇಕು ನನಗ. ಖಾಲಿ ಜಾಗಾ ಅಂದ್ರ ಘನತೆ, ಮಹಾನಂದಾ. ಬಡವರ ಪುಟದಾಗ ಮಾತ್ರ ಎಲ್ಲಾ ತುರುಕಿರ್ತಾರ."

"ಅವ್ರ ವ್ಯಾಪಾರ, ಸರ್..."

"ಮೂರ ದಿನ ರೀ! ಮನ್ಯಾಗ ವಿಶ್ರಾಂತಿ ತಗೋಳ್ಳಿ ಪಾಪ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆಗೂ ನಿಮಿಷ ಬೇಕು, ಇಲ್ಲಿ ಅದೂ ಬೇಕಾಗಲಿಲ್ಲ. ಮಹಾನಂದಾ ಬರೆದಳು: ವರ್ಗ ಸಣ್ಣ, ತೋರಿಕೆ ಇಲ್ಲ. ಬರೆದು, ಬೆರಳನ್ನು ಹಾಗೆಯೇ ಹಿಡಿದುಕೊಂಡು ಕೂತಳು. ಅವ್ವನ ಮೊಣಕಾಲು ನೋವು ನೆನಪಾಯಿತು. ಮದುವೆಯ ಹಂಗಾಮು, ಹೊಸದಾಗಿ ತಂದ ಹಸಿರು ಬಳೆ ನೆನಪಾಯಿತು. ನೆಪಕ್ಕೆ ಬರವೇ? ಕೆಳಗೆ ಇನ್ನೊಂದು ಅಪ್ಪಣೆ ಬರೆದಳು: ನಂಬರು ಹದಿನೇಳು, ತೋರಿಕೆ ಇದೆ. ಹದಿನೇಳು ಕಾಶವ್ವನ ಪೆಟ್ಟಿಗೆ. ಅವ್ವನನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಒಳ್ಳೆಯದು ಮಾಡುತ್ತಿದ್ದೇನೆಂಬ ಧೈರ್ಯ ಅಷ್ಟಿತ್ತು.

ಬುಧವಾರ ಬೆಳಿಗ್ಗೆ ನಲವತ್ತೆರಡು ಪೆಟ್ಟಿಗೆಗಳು ಒಂದರ ಹಿಂದೊಂದು ಜಾರಿ ಗೋದಾಮಿನ ಬಾಯಿಗೆ ಹೋದವು. ಮೂರು ದಿನಕ್ಕೆಂದು ಹೇಳಿದ್ದರಿಂದ ಹೆಂಗಸರು ಸಾಮಾನನ್ನೆಲ್ಲ ಗಂಟು ಕಟ್ಟಿಕೊಂಡು ಅಂಗಳದ ಅಂಚಿನ ಕಟಕಟೆಯ ಆಚೆ ನಿಂತು ನೋಡುತ್ತಿದ್ದರು. ನೀನು ಎಂದಿನಂತೆ ಕೂರು ಎಂದಷ್ಟೇ ಮಗಳು ಹೇಳಿದ್ದರಿಂದ ಕಾಶವ್ವ ಕೂತೇ ಇದ್ದ ಹದಿನೇಳು ಮಾತ್ರ ಕದಲಲಿಲ್ಲ. ಆಮೇಲೆ ನಿಧಾನಕ್ಕೆ ಕದಲಿತು. ಸಾಲಿನಲ್ಲಿ ಎಷ್ಟೇ ಇರಲಿ ನಡುಮಧ್ಯಕ್ಕೆ ಬರಬೇಕಲ್ಲ? ಈಗ ಸಾಲು ಎಂದರೆ ಅದೊಂದೇ. ಕಾಶವ್ವ ಕೂತ ಪೆಟ್ಟಿಗೆ ಆ ದೊಡ್ಡ ಬೋಳು ಅಂಗಳದ ಸರಿಯಾಗಿ ನಟ್ಟನಡುವೆ ಬಂದು ನಿಂತಿತು. ಸುತ್ತ ನಲವತ್ತು ಹೆಜ್ಜೆ ನಾಲ್ಕೂ ದಿಕ್ಕಿಗೆ ಏನೂ ಇಲ್ಲ.

ಮಹಾನಂದಾ ಮೇಲಿನಿಂದ ನೋಡಿ ಹಣೆ ಹಣೆ ಬಡಿದುಕೊಂಡಳು. ಆ ನಡುಮಧ್ಯದ ಅಪ್ಪಣೆಯನ್ನು ಅವಳು ಮರೆತೇಬಿಟ್ಟಿದ್ದಳು. ತೆಗೆಯೋಣವೆಂದರೆ ಪರೀಕ್ಷಕರು ಆಗಲೇ ಒಳಗೆ ಬಂದಾಗಿತ್ತು. ಅವರು ಕಾಶವ್ವನನ್ನು ಕಂಡು ಬೆರಗಾದರು. ಮುಂದೆ ನಿಂತು, ಹಿಂದೆ ನಿಂತು, ಮಂಡಿಯೂರಿ ಫೋಟೋ ತೆಗೆದರು. ಇಟಗಿ ಸಾಹೇಬನ ಮುಖ ಮೊದಲು ಸುಣ್ಣವಾಗಿ, ಪರೀಕ್ಷಕರ ಮುಖ ನೋಡುತ್ತ ನೋಡುತ್ತ ಅರಳಿತು. ಕಾಶವ್ವ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಲ್ಲೇ ಕೂತಿದ್ದಳು. ಬಾಜೂ ಎಂಬುದು ಇದ್ದರಲ್ಲವೆ ಎದ್ದುಹೋಗುವುದು? ಕಟಕಟೆಯ ಆಚೆಯಿಂದ ಬೀಬಿಜಾನ್ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಗಂಟು ಹೊತ್ತು ಹೊರಟಳು.

ಮನೆಗೆ ಬಂದ ಕಾಶವ್ವ ರೊಟ್ಟಿ ಬಡಿಯಲು ಕೂತಳು. ಐದಾರು ರೊಟ್ಟಿ ಬಡಿದಳು. ಆಮೇಲೆ ಹೆಂಚಿನ ಮೇಲೆ ಕಣ್ಣಿಟ್ಟೇ ಕೇಳಿದಳು.

"ಎಲ್ಲಾರನೂ ಕಳಿಸಿ ನನ್ನೊಬ್ಬಾಕಿನ್ನ ಯಾಕ ಇಟ್ಟಿ?"

"ನಿನ್ನ ಕಾಲು ನೋವು ಐತೆಲ್ಲ ಯವ್ವಾ. ಹಂಗಾಮಿನ ದಿನ..."

"ಹಂಗಾಮು ನನಗೊಬ್ಬಾಕಿಗೆ ಬಂದೈತೇನ? ಬೀಬಿಗೆ ಬಂದಿಲ್ಲ? ನಾ ನಿನ್ನ ಹತ್ರ ಬೇಡಿದ್ನೇನ?"

"ಮೂರ ದಿನ ಅಷ್ಟ. ಶನಿವಾರ ಎಲ್ಲಾರೂ ಬರ್ತಾರ. ಆಣಿ."

"ಆಣಿ ಮಾಡಬ್ಯಾಡ," ಎಂದಳು ಕಾಶವ್ವ. "ರೊಟ್ಟಿ ತಿನ್ನು."

ಹತ್ತಿಕೊಪ್ಪಕ್ಕೆ ಮೊದಲ ಬಹುಮಾನ ಬಂತು. ಖಾಲಿ ಅಂಗಳದ ನಡುವೆ ಒಬ್ಬಳೇ ಕೂತ ಬಳೆಗಾರ್ತಿಯ ಫೋಟೋ ಎಲ್ಲ ಕಡೆ ಹಾರಾಡಿತು. ಇಟಗಿ ಸಾಹೇಬ ಮಹಾನಂದಾಳ ಕೈ ಕುಲುಕಿ, "ನೀವು ಕಲಾವಿದೆ ರೀ! ಒಂದನ್ನ ಬಿಟ್ಟು ಎಲ್ಲಾ ತೆಗೆಯೂದು ನನಗ ಹೊಳೀತಿದ್ದಿಲ್ಲ ನೋಡ್ರಿ" ಎಂದ. ಶನಿವಾರ ಸಣ್ಣವನ್ನು ವಾಪಸು ತರಲೇ ಎಂದು ಅವಳು ಕೇಳಿದಾಗ, "ಅವಸರ ಯಾಕ? ನೋಡೋಣು" ಎಂದ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು? ಮುಂದಿನ ವಾರ ಕೇಳಿದಾಗ ಅವನು ಒಂದು ವರದಿ ತೋರಿಸಿದ. ಸಣ್ಣ ಪೆಟ್ಟಿಗೆಗಳು ಹೋದ ಮೇಲೆ ಪೇಟೆಯಲ್ಲಿ ದಾಖಲಾದ ದೂರುಗಳು: ಸೊನ್ನೆ. ದೂರು ಬರೆದುಕೊಳ್ಳುವ ಮೇಜು ಒಂದು ಸಣ್ಣ ಪೆಟ್ಟಿಗೆಗೆ ಅಂಟಿಕೊಂಡಿದ್ದು, ಅದರ ಜೊತೆಗೇ ಅದೂ ಗೋದಾಮು ಸೇರಿತ್ತು ಎಂದು ಮಹಾನಂದಾ ಹೇಳಿದಳು. ಸಾಹೇಬ ನಕ್ಕು, "ಅದಕ್ಕ ಸೊನ್ನಿ ಬಂದೈತಿ, ಬಿಡ್ರಿ" ಎಂದ. ಕಾಶವ್ವ ಮಾತ್ರ ದಿನವೂ ಬರಲೇಬೇಕು, ಅವಳು ಪೇಟೆಯ ಗುರುತು, ಅವಳು ಏಳುವುದಾದರೆ ಮಗಳೂ ಕುರ್ಚಿ ಬಿಟ್ಟು ಏಳಬಹುದು ಎಂಬುದನ್ನೂ ಅಷ್ಟೇ ನಗುತ್ತಾ ಹೇಳಿದ.

ಹಾಗಾಗಿ ಕಾಶವ್ವ ಮಗಳ ಕೆಲಸಕ್ಕೋಸ್ಕರ ನಡು ಅಂಗಳದಲ್ಲಿ ಕೂತಳು. ಬೆಳಿಗ್ಗೆ ಚಹಾ ಕುಡಿಯುವುದನ್ನು ಬಿಟ್ಟಳು, ನೀರನ್ನೂ ಗುಟುಕು ಗುಟುಕಾಗಿ ಕುಡಿದಳು. ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು, ಬಳೆ ತೊಡಿಸಿಕೊಳ್ಳಲು ಅಷ್ಟು ಬಯಲಿನಲ್ಲಿ ಕೈ ಚಾಚಿ ಕೂರಲು ಹೆಂಗಸರಿಗೆ ಸಂಕೋಚ. ಸಾಲಿನ ನಲವತ್ತೆರಡು ಮಂದಿ ಮೊದಲು ದಿನವೂ ಕಟಕಟೆಗೆ ಬಂದು ನಿಲ್ಲುತ್ತಿದ್ದರು. ಆಮೇಲೆ ಇಪ್ಪತ್ತು ಮಂದಿ ಬಂದರು. ಆಮೇಲೆ ಪೇಟೆಯ ಹೊರಗಿನ ಫುಟ್‌ಪಾತಿನಲ್ಲಿ, ಗಟಾರದ ಅಂಚಿಗೆ, ಹತ್ತು ಹನ್ನೆರಡು ಮಂದಿ ಗೋಣಿ ಹಾಸಿ ಕೂತರು. ಬೀಬಿಜಾನ್ ರಿಬ್ಬನ್ನು ಹಿಡಿದು ಬಸ್ಸು ಬಸ್ಸು ಹತ್ತಿಳಿದು, ಸಂಜೆ ಅಲ್ಲಿಗೇ ಬಂದು ಸೇರುತ್ತಿದ್ದಳು.

ಒಂದು ಸಂಜೆ ಮಹಾನಂದಾ ಮನೆಗೆ ಬಂದಾಗ ಅವ್ವ ದೀಪ ಹಾಕದೆ ಕೂತಿದ್ದಳು.

"ಬೀಬಿ ಮಗಳು ನಸೀಮಾಂದು ಮದಿವಿ ಆತಂತ," ಎಂದಳು. "ಮೊನ್ನಿ ಐತವಾರ."

ನಸೀಮಾ ಹುಟ್ಟಿ ನಾಲ್ಕು ತಿಂಗಳಿಗೆ ಅವಳ ಕೈಗೆ ಮೊದಲ ಬಳೆ ತೊಡಿಸಿದವಳು ಕಾಶವ್ವ. ಪ್ರತಿ ಈದ್‌ಗೂ ಅವಳ ಕೈ ಬೆಳೆದ ಅಳತೆ ಕಾಶವ್ವನ ಬೆರಳಿಗೆ ಗೊತ್ತು. ಮದುವೆಯ ಬಳೆ ತಾನೇ ಇಡುತ್ತೇನೆಂದು ಹತ್ತು ವರ್ಷದಿಂದ ಹೇಳುತ್ತಿದ್ದಳು.

"ಗದಗದಿಂದ ಯಾರನೋ ಕರಸಿದ್ರಂತ ಬಳಿ ಇಡಾಕ. ನನಗ ಹೇಳೇ ಇಲ್ಲ." ಕಾಶವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೀಬಿದು ತಪ್ಪಿಲ್ಲ. ನಾನಾದ್ರೂ ಕರೀತಿದ್ದಿಲ್ಲ. ಮಗಳ, ಒಂದ ಮಾತು ಕೇಳ್ತೇನಿ, ಖರೇ ಹೇಳು. ನನ್ನ ನಂಬರಕ್ಕ ಒಂದು ಬರದಿ ಅಂದೆಲ್ಲ. ಉಳದವ್ರ ನಂಬರಕ್ಕೂ ಹಂಗ ಬರಿಯಾಕ ಬರತಿದ್ದಿಲ್ಲೇನ?"

"ಬರತಿತ್ತು."

"ಎಷ್ಟೊತ್ತು ಬೇಕಾಗಿತ್ತು?"

"ಹತ್ತು ನಿಮಿಷ," ಎಂದಳು ಮಹಾನಂದಾ.

ಕಾಶವ್ವ ಎದ್ದು ಹೋಗಿ ದೀಪ ಹಾಕಿ, ಅಕ್ಕಿ ಆರಿಸಲು ಕೂತಳು.

"ಶುಕ್ರವಾರ ಸಾಹೇಬ ಧಾರವಾಡಕ್ಕ ಹೋಗ್ತಾನ," ಎಂದಳು ಮಹಾನಂದಾ. "ಹತ್ತು ಗಂಟೆಕ್ಕ ನಲವತ್ತೆರಡೂ ನಂಬರ ಬರೀತೇನಿ. ನೌಕರಿ ಹೋದ್ರ ಹೋಗ್ಲಿ. ನೀ ಬೀಬಿಜಾನ್ ಮೌಶಿಗೆ ಹೇಳು, ಎಲ್ಲಾರೂ ಸಾಮಾನ ಕಟ್ಟಿಕೊಂಡು ಬರ್ಲಿ. ಪೆಟಗಿ ಮ್ಯಾಲ ಬಂದ ಕೂಡ್ಲೆ ಕುಂತುಬಿಡ್ಲಿ. ಕುಂತ ಮ್ಯಾಲ ಮಂದಿ ಮುಂದ ಎಬ್ಬಸಾಕ ಅವರಿಗೂ ಧೈರ್ಯ ಆಗೂದಿಲ್ಲ."

ಕಾಶವ್ವ ಅಕ್ಕಿಯಿಂದ ತಲೆ ಎತ್ತಿ ಮಗಳನ್ನು ನೋಡಿದಳು. ಗುರುವಾರ ಅವಳೇ ನಡೆದುಕೊಂಡು ಬೀಬಿಜಾನಳ ಮನೆಗೆ ಹೋದಳು. ಏನು ಮಾತಾಯಿತೋ ಹೇಳಲಿಲ್ಲ. ಬರುವಾಗ ಮುಖ ಸ್ವಲ್ಪ ತಿಳಿಯಾಗಿತ್ತು. ಚಹಾ ಮಾಡಿಕೊಂಡು ಪೂರ್ತಿ ಲೋಟ ಕುಡಿದಳು.

ಶುಕ್ರವಾರ ಹತ್ತಕ್ಕೆ ಹನ್ನೆರಡು ಹೆಂಗಸರು ಗಂಟು ಹೊತ್ತು ಕಟಕಟೆಯ ಬಳಿ ನಿಂತಿದ್ದರು. ಮುಂದೆ ಬೀಬಿಜಾನ್. ಅಂಗಳದ ನಡುವೆ ಕಾಶವ್ವ ಇವತ್ತು ಬಳೆಗಳನ್ನು ಪೆಟ್ಟಿಗೆಯ ಒಂದೇ ಬದಿಗೆ ಒತ್ತರಿಸಿಟ್ಟು, ಬೀಬಿಜಾನ್ ಬಂದರೆ ಒರಗಿ ಕೂರಲಿ ಎಂದು ಇನ್ನೊಂದು ಕಡೆಯ ಅಂಚು ಒರೆಸುತ್ತಿದ್ದಳು. ಮೇಲೆ ಮಹಾನಂದಾ ಒಂದೊಂದೇ ನಂಬರು ಬರೆದಳು. ಒಂದು, ಎರಡು, ಮೂರು, ಹದಿನಾರರವರೆಗೆ. ಹದಿನೇಳು ಬಿಟ್ಟು, ಹದಿನೆಂಟರಿಂದ ನಲವತ್ತಮೂರರವರೆಗೆ. ತೋರಿಕೆ ಇದೆ, ತೋರಿಕೆ ಇದೆ. ಲೆಕ್ಕ ಹಾಕಿದಂತೆ ಹತ್ತೇ ನಿಮಿಷ. ಗುಂಡಿ ಒತ್ತಿದಳು.

ನೆಲ ಕದಲಲಿಲ್ಲ.

ಪರದೆಯ ಮೇಲೆ ತಪ್ಪುಗಳು: ಸೊನ್ನೆ ಎಂದಿತ್ತು. ಇನ್ನೊಮ್ಮೆ ಒತ್ತಿದಳು. ಮತ್ತೆ ತಪ್ಪು ಸೊನ್ನೆ, ನೆಲ ಕಲ್ಲು. ಕಾಗುಣಿತ ನೋಡಿದಳು, ಚುಕ್ಕೆ ನೋಡಿದಳು, ಎಲ್ಲ ಸರಿ ಇತ್ತು. ಆಮೇಲೆ ಗೋದಾಮಿನ ಪಟ್ಟಿ ತೆರೆದಳು. ಪಟ್ಟಿ ಖಾಲಿ.

ತಿಂಗಳ ಮೊದಲ ತಾರೀಖು ಹಾಳೆಯನ್ನು ಶುಚಿ ಮಾಡುವುದು ಆ ಕೋಣೆಯ ಪದ್ಧತಿ. ಮೂವತ್ತು ದಿನ ಗೋದಾಮಿನಿಂದ ಮೇಲೆ ಬಾರದ ಪೆಟ್ಟಿಗೆಗಳ ಪಟ್ಟಿ ತಾನಾಗಿ ಬರುತ್ತದೆ. "ಬಳಕೆಯಲ್ಲಿಲ್ಲ, ಅಳಿಸಲೇ?" ಎಂದು ಕೇಳುತ್ತದೆ. ಹೌದು ಎಂದರೆ ನಂಬರು ಅಳಿಯುತ್ತದೆ, ಗೋದಾಮಿನ ಯಂತ್ರ ಪೆಟ್ಟಿಗೆಯನ್ನು ಬಿಚ್ಚಿ ಕಬ್ಬಿಣ ಬೇರೆ, ಹಲಗೆ ಬೇರೆ ಮಾಡುತ್ತದೆ. ಯಾವ ಪಟ್ಟಿಯನ್ನೂ ಓದದೆ ಹೌದು ಎನ್ನುವುದು ಈ ಕಸುಬಿನವರ ಕೈಗೆ ಹತ್ತಿದ ಚಾಳಿ. ಹಾಳೆ ಹಗುರಾದರೆ ಅವರಿಗೆ ಒಂದು ಬಗೆಯ ಖುಷಿ. ಕಳೆದ ಸೋಮವಾರ ಒಂದನೆಯ ತಾರೀಖಿತ್ತು. ಮಹಾನಂದಾ ಚಹಾದ ಕಪ್ಪು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೌದು ಎಂದು ಒತ್ತಿದ್ದಳು. ಇನ್ನು ಹೆಸರೇ ಇಲ್ಲದವರನ್ನು ಹೆಸರು ಹಿಡಿದು ಕರೆದರೆ ಹಾಳೆ ತಪ್ಪು ಎನ್ನುವುದಿಲ್ಲ. ಯಾರೂ ಓಗೊಡಲಿಲ್ಲವೆಂದು ಸುಮ್ಮನೆ ಮುಂದಕ್ಕೆ ಹೋಗುತ್ತದೆ.

ಕೆಳಗೆ ಹತ್ತೂವರೆ ಆಯಿತು, ಹನ್ನೊಂದಾಯಿತು. ಹೆಂಗಸರು ಗಂಟುಗಳನ್ನು ಕೈಯಿಂದ ಕೈಗೆ ಬದಲಿಸಿದರು. ಕಾಶವ್ವ ಗಾಜಿನ ಕಡೆ ನೋಡಿದಳು. ಮಹಾನಂದಾ ಎದ್ದು ನಿಂತು, ಆಗಲಿಲ್ಲವೆಂದು ತಲೆ ಅಲ್ಲಾಡಿಸಿದಳು. ಕಟಕಟೆಯ ಬಳಿ ಯಾರೋ ಒಬ್ಬಳು ಜೋರಾಗಿ ನಕ್ಕಳು. ಬೀಬಿಜಾನ್ ನಗಲಿಲ್ಲ. ಗಂಟು ತಲೆಗೇರಿಸಿ ಹೊರಗೆ ನಡೆದಳು, ಉಳಿದವರೂ ಹಿಂದೆ ಹೋದರು.

ಮಹಾನಂದಾ ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಅವ್ವನ ಪೆಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಫೋಟೋಕ್ಕೆ ಬಂದ ಇಬ್ಬರು ಕಾಯುತ್ತಿದ್ದರು. ಕಾಶವ್ವ ಬಳೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಕುಂಟುತ್ತಾ, ಪೇಟೆಯ ಬಾಗಿಲು ದಾಟಿ ಫುಟ್‌ಪಾತಿಗೆ ಹೋಗಿದ್ದಳು. ಅಲ್ಲಿ ಹನ್ನೆರಡು ಗೋಣಿಗಳು ಗಟಾರದ ಅಂಚಿಗೆ ಒಂದಕ್ಕೊಂದು ತಾಗಿಕೊಂಡಿದ್ದವು. ಕಾಶವ್ವ ಬೀಬಿಜಾನಳ ಗೋಣಿಯ ಪಕ್ಕ ಬಂದು ನಿಂತಳು. ಇಪ್ಪತ್ತಾರು ವರ್ಷ ಅವಳು ಹಾಗೆ ಬಂದು ನಿಂತರೆ ಬೀಬಿಜಾನ್ ನೋಡದೆಯೇ ಸರಿಯುತ್ತಿದ್ದಳು.

"ಸ್ವಲ್ಪ ಸರಿಯವಾ ಬೀಬಿ," ಎಂದಳು ಕಾಶವ್ವ. "ನಾನೂ ಕುಂದ್ರತೇನಿ."

ಬೀಬಿಜಾನ್ ರಿಬ್ಬನ್ನು ಸುತ್ತುತ್ತಿದ್ದಳು. ತಲೆ ಎತ್ತಿ ಕಾಶವ್ವನನ್ನು, ಅವಳ ಹಿಂದೆ ಏದುಸಿರು ಬಿಡುತ್ತ ನಿಂತ ಮಗಳನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಇಲ್ಲಿ ಜಾಗಾ ಇಲ್ಲ, ಕಾಶವ್ವ," ಎಂದಳು. "ನಿನಗ ಒಳಗ ಐತೆಲ್ಲ."